ಒಂದು ಮನೆಯನ್ನೂ ಬಿಡಬೇಡಿ

ಸರ್ವಮಂಗಳಾ ಗಂಡನ ತಟ್ಟೆ ಲೋಟಗಳ ಮೇಲೆ ಕುದಿಯುವ ನೀರು ಹೊಯ್ಯುತ್ತಿದ್ದಾಗ ಫೋನು ಬಡಿದುಕೊಂಡಿತು. ಕೈಯಲ್ಲಿ ಇಕ್ಕಳ, ಇಕ್ಕಳದಲ್ಲಿ ಪಾತ್ರೆ. ಏಳುತ್ತಿದ್ದ ಹಬೆಗೆ ಕನ್ನಡಕ ಮಂಜಾಗಿತ್ತು. ಈ ಕೆಲಸವನ್ನು ಅವಳು ಅರ್ಧಕ್ಕೆ ಬಿಡುತ್ತಿರಲಿಲ್ಲ. ಮನೆಯ ಉಳಿದ ಪಾತ್ರೆಗಳೆಲ್ಲ ಸಿಂಕಿನಲ್ಲಿ ಒಂದರ ಮೇಲೊಂದು ಬಿದ್ದಿರುತ್ತಿದ್ದವು. ಪಂಚಾಕ್ಷರಿಯವು ಮಾತ್ರ ಅಡುಗೆಕಟ್ಟೆಯ ಆ ತುದಿಯಲ್ಲಿ, ಬೇರೆ ಸಂಸಾರ ಹೂಡಿದವರ ಹಾಗೆ, ಒಂದು ಬೋಗುಣಿಯೊಳಗೆ ಇರುತ್ತಿದ್ದವು. ಮೊದಲು ಸೋಪು, ಆಮೇಲೆ ಕುದಿನೀರು, ಆಮೇಲೆ ಹಿತ್ತಲ ಬಿಸಿಲು.

ಫೋನು ನಿಂತು ಮತ್ತೆ ಶುರುವಾಯಿತು. ಅವಳು ಮೊಣಕೈಯಿಂದ ಗುಂಡಿ ಒತ್ತಿದಳು.

"ಮೇಡಂ, ತಂಗಿ ಏಳ್ತಾನೇ ಇಲ್ಲ." ಕಂಟ್ರೋಲ್ ರೂಮಿನ ಚೆಲುವರಾಜುವಿನ ದನಿ.

"ಯಾವ ವಾರ್ಡು?"

"ಯಾವ ವಾರ್ಡಲ್ಲೂ. ಬಿಟ್ಟಲ್ಲೇ ಕೂತುಬಿಟ್ಟಿದಾಳೆ. ಬೇಗ ಬನ್ನಿ. ಹಾಗೇ ತಿಂಡಿ ಏನಾದ್ರೂ ಇದ್ರೆ ತನ್ನಿ, ಇಲ್ಲಿ ಬರೀ ಕೊಬ್ಬರಿ ವಾಸನೆ ಕುಡ್ಕೊಂಡು ಕೂತಿದೀನಿ."

ಮುಂದಿನ ಕೋಣೆಯಿಂದ ಪಂಚಾಕ್ಷರಿ ಕೂಗಿದ. "ಏನಂತೆ ಮಂಗಳಾ?"

"ಏನಿಲ್ಲ ರೀ. ಹೋಗ್ಬೇಕು."

ಮಗಳು ಇಂಚರ ಒಂದು ಕಡೆ ಜಡೆ ಹಾಕಿಸಿಕೊಂಡು, ಇನ್ನೊಂದು ಕಡೆ ಕೂದಲು ಹರಡಿಕೊಂಡು ಟೇಪು ಹಿಡಿದು ನಿಂತಿದ್ದಳು. "ಅಮ್ಮ, ಇನ್ನೊಂದು?"

"ಇವತ್ತಿಗೊಂದು, ನಾಳೆಗೊಂದು," ಎಂದ ಪಂಚಾಕ್ಷರಿ ಒಳಗಿನಿಂದಲೇ. ಮಗು ನಕ್ಕಿತು. ಸರ್ವಮಂಗಳಾ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಎರಡನೇ ಜಡೆಯನ್ನು ಅವಸರದಲ್ಲಿ ಹೆಣೆದಳು. ಅದು ಮೊದಲನೆಯದಕ್ಕಿಂತ ಮೇಲೆ ಕೂತಿತು.

ಪಂಚಾಕ್ಷರಿ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಕೆಲವು ವರ್ಷಗಳ ಹಿಂದೆ ಅವನ ಎರಡೂ ಕಿಡ್ನಿಗಳು ಕೆಟ್ಟಾಗ ಅವನ ತಾಯಿ ತಮ್ಮದೊಂದನ್ನು ಕೊಟ್ಟಿದ್ದರು. ಆಮೇಲೆ ಅವರು ವಯಸ್ಸಾಗಿ ಹೋದರು. ಕಿಡ್ನಿ ಮಾತ್ರ ಮಗನೊಳಗೆ ಕೆಲಸ ಮಾಡುತ್ತಲೇ ಇತ್ತು. ಆದರೆ ಹೆತ್ತವಳದ್ದಾದರೂ ಮೈಗೆ ಅದು ಪರರದ್ದೇ. ಪರರದ್ದನ್ನು ಮೈ ಒದ್ದು ಹೊರಹಾಕುತ್ತದೆ. ಹಾಗಾಗದಂತೆ ಮೈಯ ಕಾವಲುಗಾರರನ್ನು ಮಂಪರಿನಲ್ಲಿಡುವ ಮಾತ್ರೆಗಳನ್ನು ಅವನು ಹೊತ್ತಿಗೆ ಸರಿಯಾಗಿ ನುಂಗಬೇಕಿತ್ತು. ಕಾವಲುಗಾರರು ತೂಕಡಿಸುವ ಮನೆಗೆ ಯಾವ ಕಳ್ಳನೂ ಸಲೀಸಾಗಿ ನುಗ್ಗಬಹುದು. ಅದಕ್ಕೇ ಕುದಿನೀರು. ಜಿಲ್ಲೆಯಲ್ಲಿ ಕೆಂಡಜ್ವರ ಕಾಣಿಸಿಕೊಂಡ ಮೇಲಂತೂ ಅವನು ಶಾಲೆಗೂ ಹೋಗದೆ, ಜಗುಲಿಗೆ ಕಿಟಕಿಯಿದ್ದ ಮುಂದಿನ ಕೋಣೆ ಸೇರಿಬಿಟ್ಟಿದ್ದ. ಕಿಟಕಿಗೆ ಜಾಲರಿ ಬಡಿಸಿದ್ದರು. ಕೆಳಗೆ ಒಂದು ತಟ್ಟೆ ತೂರುವಷ್ಟು ಜಾಗ.

ಕೆಂಡಜ್ವರ ಎರಡು ವರ್ಷದ ಹಿಂದೆ ತಿಪಟೂರಿಗೂ ಬಂದಿತ್ತು. ಮಳೆಗಾಲದಲ್ಲಿ ಬಂದು ದೀಪಾವಳಿಯ ಹೊತ್ತಿಗೆ ಹೋಯಿತು. ಹೋಗುವಾಗ ಪ್ರತಿ ಬೀದಿಯಿಂದಲೂ ಯಾರನ್ನಾದರೂ ಕರೆದುಕೊಂಡು ಹೋಯಿತು. ಈಗ ಮತ್ತೆ ರೈಲು ಹಳಿಯ ಗುಂಟ ಒಂದೊಂದೇ ಊರು ದಾಟಿ ಬರುತ್ತಿತ್ತು. ಚುಚ್ಚುಮದ್ದು ಇತ್ತು, ಸರ್ವಮಂಗಳಾಳಂಥ ಪ್ರಯೋಗಾಲಯದ ಕೆಲವರಿಗೆ ಸಿಕ್ಕಿತ್ತು, ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಬೇಕಾದಷ್ಟು ತಯಾರಾಗುವ ಹೊತ್ತಿಗೆ ಜ್ವರ ತನ್ನ ಕೆಲಸ ಮುಗಿಸಿ ಹೋಗಿರುತ್ತಿತ್ತು.

ಹಾಗಾಗಿ ಸರ್ವಮಂಗಳಾಳ ಪ್ರಯೋಗಾಲಯದವರು ಬೇರೆ ದಾರಿ ಹಿಡಿದಿದ್ದರು. ಜ್ವರ ತಾನೇ ನಡೆದು ಮನೆಮನೆಗೆ ಹೋಗುವುದಾದರೆ, ಮದ್ದೂ ತಾನೇ ನಡೆದು ಹೋದರೆ ಹೇಗೆ? ಕೆಂಡಜ್ವರದ ವೈರಾಣುವನ್ನು ಹಿಡಿದು ಅದರ ಹಲ್ಲು ಕಿತ್ತರು, ಉಗುರು ಕತ್ತರಿಸಿದರು, ಕಾಲು ಮಾತ್ರ ಉಳಿಸಿದರು. ಎರಡು ಹನಿ ಮೂಗಿಗೆ ಹಾಕಿದರೆ ಸಾಕು. ಮಗುವಿಗೆ ನಾಲ್ಕು ದಿನ ನೆಗಡಿ. ಆ ನೆಗಡಿ ಆಟದ ಜೊತೆಗಾರರಿಗೆ, ಅವರಿಂದ ಅವರ ಮನೆಯವರಿಗೆ. ನೆಗಡಿ ಹೋಗುವಾಗ ಮೈಗೆ ಕೆಂಡಜ್ವರದ ಮುಖದ ಗುರುತು ಹಿಡಿಸಿ ಹೋಗುತ್ತದೆ. ಆಮೇಲೆ ನಿಜವಾದ ಜ್ವರ ಬಂದರೆ ಮೈ ಅದನ್ನು ಬಾಗಿಲಲ್ಲೇ ತಡೆಯುತ್ತದೆ. ಪ್ರಯೋಗಾಲಯದಲ್ಲಿ ಜ್ವರದ ವೈರಾಣುವನ್ನು ಅಕ್ಕ ಎಂದೂ ಪಳಗಿಸಿದ್ದನ್ನು ತಂಗಿ ಎಂದೂ ಕರೆಯುತ್ತಿದ್ದರು. ಯಾರು ಹಾಗೆ ಶುರುಮಾಡಿದರೋ, ಆ ಹೆಸರೇ ನಿಂತಿತ್ತು.

ಊರಿನವರಿಗೆ ಏನನ್ನೂ ಮುಚ್ಚಿಟ್ಟಿರಲಿಲ್ಲ. ವಾರ್ಡು ವಾರ್ಡಿನಲ್ಲಿ ಸಭೆ ಮಾಡಿ ಒಪ್ಪಿಗೆ ಪಡೆದಿದ್ದರು. ಒಪ್ಪಿದವರ ಮಕ್ಕಳಿಗೆ ಹನಿ ಹಾಕಿಯೂ ಆಗಿತ್ತು.

ಪಕ್ಕದ ಮನೆಯ ಸಿದ್ದಗಂಗಮ್ಮ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಸ್ಕೂಟರಿನ ಸದ್ದಿಗೆ ತಲೆಯೆತ್ತಿದರು.

"ಏನವ್ವ ಮಂಗಳ, ಇಷ್ಟೊತ್ಗೇ ಹೊಂಟೆ?"

"ಯಾಕಜ್ಜಿ ಬೀದೀಲಿ ಒಂದು ಮಗೂನೂ ಕಾಣ್ತಿಲ್ಲ? ಭಾನುವಾರ ಅಲ್ವಾ ಇವತ್ತು?"

"ಎಲ್ ಕಾಣ್ತಾವೆ? ಆ ಮೂಲೆಮನೆ ಹುಡ್ಗುಂಗೆ ಮೂಗು ಸೋರ್ತು. ಅವರವ್ವ ರೂಮ್ನಾಗೆ ಹಾಕಿ ಚಿಲ್ಕ ಜಡ್ದವ್ಳೆ. ಮಿಕ್ಕೋರು ತಮ್ ತಮ್ ಮಕ್ಳ ಹಿಡ್ಕಂಡು ಕದ ಹಾಕ್ಕಂಡ್ರು."

"ಅಜ್ಜಿ, ಅದು ಒಳ್ಳೆ ನೆಗಡಿ. ಎಲ್ಲರಿಗೂ ಹರಡ್ಬೇಕು ಅಂತ ಸಭೇಲಿ ಹೇಳಿದ್ವಲ್ಲ. ನೀವೂ ತಲೆ ಆಡಿಸಿದ್ರಿ."

"ತಲೆ ಆಡ್ಸಿದ್ನಪ್ಪ. ಅಲ್ಲ ಕಣವ್ವ, ಹೋದ್ಸಲ ದೂರ ನಿಂತ್ಕಳಿ, ದೂರ ನಿಂತ್ಕಳಿ ಅಂತ ಮೈಕ್ನಾಗೆ ಬಾಯ್ ಬಡ್ಕಂಡ್ರಿ. ನನ್ ತಮ್ಮ ಸತ್ತಾಗ ಮಕ ನೋಡಕ್ ಬಿಡ್ಲಿಲ್ಲ. ಈಗ ಬಂದು ತಬ್ಕಳಿ ಅಂತೀರ. ನಮ್ ಕೈಕಾಲ್ ಕೇಳ್ಬೇಕಲ್ಲ?"

ಸರ್ವಮಂಗಳಾ ಸ್ಕೂಟರನ್ನು ಮಾರುಕಟ್ಟೆಯ ಕಡೆಗೆ ತಿರುಗಿಸಿದಳು.

ಕಂಟ್ರೋಲ್ ರೂಮು ಇದ್ದದ್ದು ಮಾರುಕಟ್ಟೆಯ ಹಿಂದಿನ ಹಳೆಯ ಕೊಬ್ಬರಿ ಗೋದಾಮಿನಲ್ಲಿ. ಎಷ್ಟು ತೊಳೆದರೂ ಗೋಡೆಗಳಿಂದ ಎಣ್ಣೆಯ ಕಮಟು ಹೋಗಿರಲಿಲ್ಲ. ಒಂದು ಗೋಡೆಯ ಉದ್ದಕ್ಕೂ ಊರಿನ ನಕ್ಷೆ. ಬೀದಿಬೀದಿಯ ಒಳಚರಂಡಿಯಲ್ಲಿ ಬೆರಳುದ್ದದ ಶೋಧಕಗಳನ್ನು ಇಳಿಬಿಟ್ಟಿದ್ದರು. ಮನೆಗಳಿಂದ ಹರಿದುಬರುವ ನೀರಿನಲ್ಲಿ ತಂಗಿಯ ಸುಳಿವು ಸಿಕ್ಕರೆ ನಕ್ಷೆಯಲ್ಲಿ ಆ ಬೀದಿ ಹಸಿರಾಗುತ್ತಿತ್ತು. ಅಕ್ಕನ ಸುಳಿವು ಸಿಕ್ಕರೆ ಕೆಂಪು. ಇಡೀ ಊರು ಬೆಳ್ಳಗಿತ್ತು. ಹನಿ ಹಾಕಿದ ಮಕ್ಕಳಿದ್ದ ಬೀದಿಗಳಲ್ಲಿ ಮಾತ್ರ ಹಸಿರು ಚುಕ್ಕಿಗಳು, ನೀರು ಕಾಣದ ಸಸಿಗಳ ಹಾಗೆ ಬಾಡಿಕೊಂಡು ನಿಂತಿದ್ದವು.

ಮುಖ್ಯಸ್ಥೆ ಜುಬೇದಾ ಮೇಡಂ ಸರ್ವಮಂಗಳಾ ತಂದಿದ್ದ ಉಪ್ಪಿಟ್ಟಿನ ಡಬ್ಬಿ ತೆರೆದು ಚೆಲುವರಾಜುವಿನ ಮುಂದೆ ತಳ್ಳಿದರು, ತಾವು ಮುಟ್ಟಲಿಲ್ಲ. "ಅರ್ಥ ಆಯ್ತಾ ಮಂಗಳಾ? ನಾವು ಕಲಿಸಿದ ಪಾಠಾನೇ ನಮಗೆ ಅಡ್ಡ ಬಂತು. ಊರು ತುಂಬಾ ಚೆನ್ನಾಗಿ ಕಲ್ತಿದೆ. ಮೂಗು ಸೋರಿದ್ರೆ ಬಾಗಿಲು ಹಾಕ್ಬೇಕು ಅಂತ."

"ಮತ್ತೆ ಅಕ್ಕ?"

"ಎರಡು ಸ್ಟೇಷನ್ ಆಚೆ."

ಚೆಲುವರಾಜು ಬಾಯ್ತುಂಬ ಉಪ್ಪಿಟ್ಟು ಇಟ್ಟುಕೊಂಡು, "ಮದುವೆ ಮನೆ ಊಟ ಹಾಕ್ಸೋಣ ಮೇಡಂ, ಎಲ್ಲರೂ ಬರ್ತಾರೆ," ಎಂದ.

"ಧನುರ್ಮಾಸದಲ್ಲಿ ಯಾರ ಮದುವೆ ಮಾಡ್ತೀಯ? ನಿಂದಾ?" ಎಂದರು ಜುಬೇದಾ ಮೇಡಂ.

ಅವನು ಮತ್ತೆ ಉಪ್ಪಿಟ್ಟಿಗೆ ಕೈಹಾಕಿದ. ಆದರೆ ಧನುರ್ಮಾಸವೆಂಬ ಮಾತು ಸರ್ವಮಂಗಳಾಳನ್ನು ಎಲ್ಲಿಯೋ ತಟ್ಟಿತು. ಧನುರ್ಮಾಸ ಮುಗಿದರೆ ಸಂಕ್ರಾಂತಿ. ಸಂಕ್ರಾಂತಿಯ ಸಂಜೆ ಹೆಣ್ಣುಮಕ್ಕಳು ಉದ್ದಲಂಗ ತೊಟ್ಟು, ತಟ್ಟೆಯಲ್ಲಿ ಎಳ್ಳು, ಸಕ್ಕರೆ ಅಚ್ಚು, ಕಬ್ಬಿನ ಚೂರು ಇಟ್ಟುಕೊಂಡು ಮನೆಮನೆಗೆ ಬೀರಲು ಹೋಗುತ್ತಾರೆ. ಜ್ವರದ ವರ್ಷವೂ ಅದು ನಿಂತಿರಲಿಲ್ಲ. ಜ್ವರ ಹೋದ ಮೇಲೂ ಹೆದರಿ ಕದ ಹಾಕಿಕೊಂಡಿದ್ದವರೂ ಆ ಸಂಜೆ ಅರ್ಧ ಬಾಗಿಲು ತೆರೆದಿದ್ದರು. ಎಳ್ಳು ತಂದ ಮಗುವಿಗೆ ಬಾಗಿಲು ಹಾಕುವವರು ಈ ಊರಿನಲ್ಲಿ ಯಾರೂ ಇಲ್ಲ. ಬರಿಯ ತಟ್ಟೆಯನ್ನು ತಿರುಗಿ ಕಳಿಸುವವರೂ ಇಲ್ಲ. ಕೊಟ್ಟಷ್ಟೇ ತಿರುಗಿ ಇಡುತ್ತಾರೆ, ಕೆನ್ನೆ ಸವರುತ್ತಾರೆ, ಒಳಗೆ ಕರೆದು ಕೂರಿಸುತ್ತಾರೆ.

ಅವಳು ಅದನ್ನು ಹೇಳಿದಾಗ ಜುಬೇದಾ ಮೇಡಂ ನಕ್ಷೆಯ ಬೀದಿಗಳ ಮೇಲೆ ಬೆರಳು ಆಡಿಸಿದರು. "ಇದು ಮಾಡಬಹುದು," ಎಂದರು. ಆಮೇಲೆ, "ಇದೊಂದೇ ಮಾಡಬಹುದು."

ಎಳ್ಳು ಬೀರುವ ಹುಡುಗಿಯರ ತಾಯಂದಿರನ್ನು ಕರೆದರು. ಎಲ್ಲ ಕೇಳಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬಳು ಎದ್ದು, "ನಿಮ್ ಮಗ್ಳಿಗೆ ಹಾಕ್ತೀರಾ ಮೇಡಂ ಹನಿ?" ಎಂದು ಕೇಳಿದಳು. ಅದರಲ್ಲಿ ಕೊಂಕು ಇರಲಿಲ್ಲ. ಅವಳಿಗೆ ತಿಳಿಯಬೇಕಿತ್ತು, ಅಷ್ಟೇ.

ಸರ್ವಮಂಗಳಾ ಗಂಡನ ವಿಷಯ ಹೇಳಬಹುದಿತ್ತು. ಮಂಪರಿನ ಮಾತ್ರೆ ನುಂಗುವವರಿರುವ ಮನೆಗೆ ತಂಗಿ ಹೋಗಬಾರದು ಎಂಬ ನಿಯಮ ಬರೆದವಳೇ ಅವಳು. ಅಂಥ ಮನೆಗಳ ಬಾಗಿಲಿಗೆ ನೀಲಿ ಚೀಟಿ ಅಂಟಿಸಿ, ಮಕ್ಕಳು ಅವನ್ನು ಬಿಟ್ಟು ಮುಂದೆ ಹೋಗಬೇಕೆಂದು ನಿರ್ಧಾರವಾಗಿತ್ತು. ಅದನ್ನೇ ಹೇಳಿದರೆ ಎಲ್ಲರೂ ಒಪ್ಪುತ್ತಿದ್ದರು, ಒಪ್ಪಿ, ತಮ್ಮ ಮಕ್ಕಳನ್ನೂ ಕೈಹಿಡಿದು ಮನೆಗೆ ಕರೆದೊಯ್ಯುತ್ತಿದ್ದರು. ಅದೂ ಅವಳಿಗೆ ಗೊತ್ತಿತ್ತು.

ಆ ಸಂಜೆ ಅವಳು ಜಗುಲಿಯಲ್ಲಿ ಕೂತು ಜಾಲರಿಯ ಈಚೆಯಿಂದ ಗಂಡನಿಗೆ ಹೇಳಿದಳು.

"ಹಾಕ್ಸು," ಎಂದ ಪಂಚಾಕ್ಷರಿ.

"ರೀ, ಯೋಚನೆ ಮಾಡಿ ಹೇಳಿ."

"ನಾನೇನು ಅವಳನ್ನ ತೊಡೆ ಮೇಲೆ ಕೂರಿಸ್ಕೋತಾ ಇದೀನಾ? ಆಗಲೇ ಜಾಲರಿ ಆಚೆ ಇದಾಳೆ. ನೆಗಡಿ ಬಿಡೋವರೆಗೂ ಸಿದ್ದಗಂಗಮ್ಮನ ಮನೇಲಿರ್ಲಿ. ಅಜ್ಜಿಗೂ ಒಂದು ಜೊತೆ."

"ನೆಗಡಿ ಹೋದ ಮೇಲೂ ಸೋಂಕು ಇರುತ್ತೆ. ಹನ್ನೆರಡು ದಿನ ಬಿಟ್ಟಿರ್ಬೇಕು."

"ಶಾಲೇಲಿ ನನ್ನ ಮಕ್ಕಳು ನೂರು ಜನ ಇದಾರೆ ಕಣೆ. ಅವರ ಮನೆಯವರೂ ಇದಾರೆ. ನಾನೊಬ್ಬ ಇಲ್ಲಿ ಬೆಚ್ಚಗೆ ಕೂತು..." ಅವನು ಎದ್ದು ಜಾಲರಿಯ ಹತ್ತಿರ ಬಂದ. "ಒಂದು ಮಾತು. ನಮ್ಮ ಬಾಗಿಲಿಗೆ ಆ ನೀಲಿ ಚೀಟಿ ಅಂಟಿಸ್ಬೇಡ. ಹಬ್ಬದ ದಿನ ಹೋಗೋರು ಬರೋರೆಲ್ಲ ನಿಂತು, ಪಾಪ ಮೇಷ್ಟ್ರು ಅಂತ ಓದ್ಕೊಂಡು ಹೋಗೋದು ಬೇಡ," ಎಂದ.

ಅವಳು ನಕ್ಕಳು. ಊರಲ್ಲಿದ್ದ ಅಂಥ ಮನೆಗಳನ್ನೆಲ್ಲ ಹುಡುಕಿ ತಾನೇ ನಿಂತು ಚೀಟಿ ಅಂಟಿಸಿದಳು. ಕ್ಯಾನ್ಸರಿಗೆ ಔಷಧಿ ತೆಗೆದುಕೊಳ್ಳುತ್ತಿದ್ದ ಟೈಲರನ ಮನೆಗೆ ಎರಡು ಅಂಟಿಸಿದಳು, ಮುಂದೊಂದು, ಹಿತ್ತಲಿಗೊಂದು. ತನ್ನ ಮನೆಗೆ ಅಂಟಿಸಲಿಲ್ಲ. ಆ ಬೀದಿಗೆ ಎಳ್ಳು ಬೀರುವವಳು ಇಂಚರಳೇ ತಾನೆ. ತನ್ನ ಮನೆ ಯಾವುದೆಂದು ಅವಳಿಗೆ ಚೀಟಿ ಬೇಕೇ?

ಹನಿ ಹಾಕುವಾಗ ಇಂಚರ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಅವತ್ತೇ ಅವಳನ್ನು ಸಿದ್ದಗಂಗಮ್ಮನ ಮನೆಗೆ ಕಳಿಸಿದರು. ಮೂರನೆಯ ದಿನಕ್ಕೆ ಮೂಗು ಸೋರಿತು. ಗೋದಾಮಿನ ಅಂಗಳದಲ್ಲಿ ಹುಡುಗಿಯರನ್ನೆಲ್ಲ ಸಾಲಾಗಿ ಕೂರಿಸಿ ಚೆಲುವರಾಜು ಪಾಠ ಒಪ್ಪಿಸಿಕೊಂಡ.

"ಯಾವ ಮನೆ ಬಿಡ್ಬೇಕು?"

"ನೀಲಿ ಚೀಟಿ ಮನೆ!"

"ಇನ್ಯಾವ ಮನೆ ಬಿಡ್ಬೇಕು?"

"ಒಂದು ಮನೇನೂ ಬಿಡ್ಬಾರ್ದು!"

"ಬಿಟ್ರೆ?"

"ಆ ಮನೆಯವ್ರಿಗೆ ಅಕ್ಕ ಬಂದ್ಬಿಡ್ತಾಳೆ!"

ಹಬ್ಬದ ಸಂಜೆ ಸರ್ವಮಂಗಳಾ ಮನೆಯಲ್ಲಿರಲಿಲ್ಲ. ಗೋದಾಮಿನಲ್ಲಿ ನಕ್ಷೆಯ ಮುಂದೆ ಕೂತಿದ್ದಳು. ಹಬ್ಬದ ದಿನವೇ ಏನೂ ಕಾಣುವುದಿಲ್ಲವೆಂದು ಅವಳಿಗೆ ಗೊತ್ತಿದ್ದರೂ ಎದ್ದು ಹೋಗಲಾಗಲಿಲ್ಲ. ಎರಡು ದಿನ ಕಳೆದ ಮೇಲೆ ಹಸಿರು ಎದ್ದಿತು. ಮೊದಲು ಪೇಟೆ ಬೀದಿ, ಆಮೇಲೆ ಅದರ ಅಡ್ಡಬೀದಿಗಳು. ಸಂಜೆಯ ಹೊತ್ತಿಗೆ ಕೆರೆ ಏರಿಯ ಮೇಲಿನ ಮನೆಗಳು. ಯಾರೋ ನೆಲಕ್ಕೆ ನೀರು ಚೆಲ್ಲಿದಂತೆ ಅದು ಹರಿಯಿತು. ಊರೆಲ್ಲ ಸೀನಿತು. ಕಾಯಿಪೇಟೆಯ ಹರಾಜು ಕೂಗುವವನು ದನಿ ಬಿದ್ದು ಕೈಸನ್ನೆಯಲ್ಲಿ ಹರಾಜು ಮಾಡಿದನೆಂದು ಚೆಲುವರಾಜು ಸುದ್ದಿ ತಂದ. ಜುಬೇದಾ ಮೇಡಂ ಮೊದಲ ಸಲ ಕೂತು ಊಟ ಮಾಡಿದರು.

ಅಕ್ಕ ಬಂದಳು. ರೈಲ್ವೆ ಗೇಟಿನ ಬೀದಿ ಒಂದು ಬೆಳಗ್ಗೆ ಕೆಂಪಾಯಿತು. ಎಲ್ಲರೂ ನಕ್ಷೆಯ ಮುಂದೆ ಗುಂಪುಗೂಡಿದರು. ಕೆಂಪು ಅಲ್ಲೇ ಸ್ವಲ್ಪ ದಿನ ಮಿಣುಗಿ, ಪಕ್ಕದ ಬೀದಿಗೆ ದಾಟಲಾಗದೆ ಆರಿಹೋಯಿತು. ಊರಲ್ಲಿ ಒಬ್ಬರೂ ಸಾಯಲಿಲ್ಲ.

ಇಂಚರ ಮನೆಗೆ ಬಂದಳು. ವಾರ್ಡಿನವರು ಎಳ್ಳು ಬೀರಿದ ಹುಡುಗಿಯರನ್ನೆಲ್ಲ ಕರೆದು ಒಂದೊಂದು ಜಾಮಿಟ್ರಿ ಡಬ್ಬಿ ಕೊಟ್ಟರು. ಸಿದ್ದಗಂಗಮ್ಮ ಮಗುವಿಗೆ ದೃಷ್ಟಿ ತೆಗೆದರು. "ನಮ್ ಬೀದಿ ಉಳ್ಸಿದ್ ತಾಯಿ ಕಣೆ ನೀನು," ಎಂದು ನೆಟಿಕೆ ಮುರಿದರು.

ಪಂಚಾಕ್ಷರಿ ಮೂಗೊರೆಸಿಕೊಳ್ಳುವುದನ್ನು ಸರ್ವಮಂಗಳಾ ಮೊದಲು ಗಮನಿಸಿದ್ದು ಒಗೆಯುವ ಬಟ್ಟೆಯಲ್ಲಿ. ಕರವಸ್ತ್ರಗಳು ಹೆಚ್ಚಾಗಿದ್ದವು.

"ಧೂಳು," ಎಂದ ಅವನು.

ಗೋದಾಮಿನ ನಕ್ಷೆಯಲ್ಲಿ ಹಸಿರು ಇಳಿಯತೊಡಗಿತ್ತು. ಅದು ಹಾಗೇ ಆಗಬೇಕು. ತಂಗಿ ಬಂದವಳು ತನ್ನ ಕೆಲಸ ಮುಗಿಸಿ ಹೊರಟುಹೋಗಬೇಕು. ಬೀದಿಗಳೆಲ್ಲ ಒಂದೊಂದಾಗಿ ಬಿಳಿಚಿದವು. ಒಂದು ಬೀದಿ ಮಾತ್ರ ಹಸಿರಾಗೇ ಉಳಿಯಿತು.

"ನೋಡಿ ಮೇಡಂ, ನಿಮ್ಮ ಬೀದೀಲಿ ತಂಗಿ ತವರಿಗೆ ಬಂದೋಳ ಥರ ಟಿಕಾಣಿ ಹೂಡಿದಾಳೆ. ಹೋಗೋ ಮಾತೇ ಆಡ್ತಿಲ್ಲ," ಎಂದು ಚೆಲುವರಾಜು ನಕ್ಕ. ನಕ್ಕವನು ಅವಳ ಮುಖ ನೋಡಿ ನಿಲ್ಲಿಸಿದ.

ಮನೆಗೆ ಬಂದು ಅವಳು ಕೈಚೀಲವನ್ನೂ ಇಳಿಸದೆ ಕಿಟಕಿಯ ಮುಂದೆ ನಿಂತಳು. "ಹಬ್ಬದ ದಿನ ಇಂಚರ ಇಲ್ಲಿಗೆ ಬಂದಿದ್ಲಾ?"

ಪಂಚಾಕ್ಷರಿ ಬರೆಯುತ್ತಿದ್ದ ಚಿತ್ರದಿಂದ ತಲೆಯೆತ್ತಲಿಲ್ಲ. "ಒಳಗೆ ಬರಲಿಲ್ಲ. ಒಳಗೆ ಹೋಗ್ಬೇಡ ಅಂತ ನೀನು ಹೇಳಿದ್ಯಲ್ಲ, ಅದನ್ನ ಪಾಲಿಸಿದಾಳೆ. ಜಗುಲಿ ಮೇಲೆ ನಿಂತ್ಕೊಂಡು ಕೂಗಿದ್ಲು. ಅಪ್ಪಾ, ಚೀಟಿ ಇಲ್ಲ ಅಂತ."

"ಏನಂದ್ಲು?"

"ನಮ್ಮ ಬಾಗಿಲಿಗೆ ನೀಲಿ ಚೀಟಿ ಇಲ್ಲ, ಅದಕ್ಕೇ ಇದೂ ಎಳ್ಳು ಬೀರೋ ಮನೇನೇ ಅಂತ. ಬಿಟ್ರೆ ನಿನಗೆ ಅಕ್ಕ ಬಂದ್ಬಿಡ್ತಾಳೆ ಅಂದ್ಲು. ಒಂದು ಸಕ್ಕರೆ ಗಿಣಿನ ಕೆಳಗಿಂದ ತೂರಿಸಿದ್ಲು."

"ನೀವು ತಗೊಂಡ್ರಿ."

"ತಗೊಳ್ದೆ?" ಅವನು ಪೆನ್ಸಿಲ್ ಕೆಳಗಿಟ್ಟ. "ತಿನ್ಬೇಕು ಅಂತ ತಗೊಳ್ಳಲಿಲ್ಲ ಮಂಗಳಾ, ಆಣೆ. ತೊಳೆಯೋಣ ಅಂತ ಫ್ಲಾಸ್ಕಿನ ಬಿಸಿನೀರಿಗೆ ಅದ್ದಿದೆ. ಎಲ್ಲಾನೂ ತೊಳಿಬಹುದು, ಸಕ್ಕರೆ ಗಿಣಿ ತೊಳೆಯೋಕಾಗುತ್ತಾ? ಕೊಕ್ಕು ಹೋಯ್ತು, ರೆಕ್ಕೆ ಹೋಯ್ತು. ಅವಳು ಅಲ್ಲೇ ನಿಂತು ನೋಡ್ತಿದಾಳೆ, ಅಪ್ಪಾ ತಿನ್ನು, ತಿನ್ನು ಅಂತ. ಉಳಿದಿದ್ದನ್ನ ಬಾಯಿಗೆ ಹಾಕ್ಕೊಂಡೆ."

ಸರ್ವಮಂಗಳಾ ಜಗುಲಿಯ ಮೇಲೆ ಕೂತಳು. ಅಂಟಿಸದೆ ಬಿಟ್ಟ ಒಂದು ಚೀಟಿಯನ್ನು ಈಗ ಎಲ್ಲಿ ಅಂಟಿಸುವುದು?

"ಬೈಬೇಡ ಅವಳನ್ನ," ಎಂದ ಪಂಚಾಕ್ಷರಿ.

"ನಾನ್ಯಾಕೆ ಅವಳನ್ನ ಬೈಲಿ?"

ಬೇರೆಯವರ ಮೈಯಲ್ಲಿ ತಂಗಿ ನಾಲ್ಕು ದಿನದ ನೆಂಟಳು. ಕಾವಲುಗಾರರು ಎಚ್ಚರಗೊಂಡು ಅವಳನ್ನು ಹೊರಗಟ್ಟುತ್ತಾರೆ. ಪಂಚಾಕ್ಷರಿಯ ಮೈಯಲ್ಲಿ ಅಟ್ಟುವವರು ಇರಲಿಲ್ಲ. ಅವಳು ಅಲ್ಲೇ ಉಳಿದು ಹೆಚ್ಚುತ್ತ ಹೋದಳು. ವೈರಾಣು ತನ್ನನ್ನು ತಾನೇ ನಕಲು ಮಾಡಿಕೊಳ್ಳುತ್ತ ಬದುಕುವಂಥದ್ದು, ನಕಲಿನಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ನಾಲ್ಕು ದಿನದಲ್ಲಿ ಆ ತಪ್ಪುಗಳಿಂದ ಏನೂ ಆಗುವುದಿಲ್ಲ. ವಾರಗಟ್ಟಲೆ, ತಿಂಗಳುಗಟ್ಟಲೆ ನಡೆದರೆ ಕಿತ್ತ ಹಲ್ಲು ಮತ್ತೆ ಮೂಡಬಹುದು. ಗಂಡನ ಮೂಗಿನ ದ್ರವವನ್ನು ಅವಳು ತಾನೇ ತೆಗೆದು, ತಾನೇ ಯಂತ್ರಕ್ಕೆ ಹಾಕಿ, ತಾನೇ ಓದಿದಳು. ಮೊದಲ ಸಲ ಓದಿದಾಗ ಒಂದು ಕಡೆ ವ್ಯತ್ಯಾಸವಿತ್ತು. ಮುಂದಿನ ಸಲ ಇನ್ನೂ ಮೂರು ಕಡೆ. ಅದರಲ್ಲೊಂದು, ಅವರು ಅಷ್ಟು ಕಷ್ಟಪಟ್ಟು ಕಿತ್ತುಹಾಕಿದ್ದ ಜಾಗದಲ್ಲೇ ಇತ್ತು. ತಂಗಿ ಮೆಲ್ಲಗೆ ಅಕ್ಕನಾಗುತ್ತಿದ್ದಳು. ಹಳೆಯ ಅಕ್ಕನೂ ಅಲ್ಲ, ಹೊಸ ಮುಖದವಳು. ಊರು ಗುರುತು ಹಿಡಿಯಲು ಕಲಿತಿದ್ದ ಮುಖ ಬೇರೆ, ಪಂಚಾಕ್ಷರಿಯೊಳಗೆ ರೂಪುಗೊಳ್ಳುತ್ತಿದ್ದ ಮುಖ ಬೇರೆ.

ಅವನಿಗೆ ಇನ್ನೂ ಬರಿಯ ನೆಗಡಿ, ಸಂಜೆಗೆ ಸಣ್ಣ ಜ್ವರ. ಬೇರೆಯವರ ರಕ್ತದಿಂದ ತೆಗೆದ ಪ್ರತಿಕಾಯದ ಔಷಧಿ ತರಿಸಿ ಕೊಟ್ಟರು. ಹಸಿರು ಸ್ವಲ್ಪ ತಗ್ಗಿ ಮತ್ತೆ ಏರಿತು. ಇನ್ನು ಉಳಿದದ್ದು ಒಂದೇ. ಮಾತ್ರೆ ನಿಲ್ಲಿಸಿ ಕಾವಲುಗಾರರನ್ನು ಎಬ್ಬಿಸುವುದು. ಎದ್ದ ಕಾವಲುಗಾರರು ಮೊದಲು ಒದ್ದು ಹೊರಹಾಕುವುದು ತಾಯಿಯ ಕಿಡ್ನಿಯನ್ನು. ಆಮೇಲೂ ತಂಗಿ ಹೋಗುತ್ತಾಳೆಂದು ಯಾವ ವೈದ್ಯರೂ ಹೇಳಲಿಲ್ಲ.

"ಬೇಡ," ಎಂದ ಪಂಚಾಕ್ಷರಿ. "ಅಮ್ಮನ್ನ ಎರಡನೇ ಸಲ ಕಳ್ಕೊಳ್ಳಲ್ಲ."

ಜುಬೇದಾ ಮೇಡಂ ಅವಳನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿದರು. "ಇಂಥವರನ್ನ ಏನು ಮಾಡ್ಬೇಕು ಅಂತ ನಿಯಮ ಇದೆ ಮಂಗಳಾ."

"ಬರೆದಿದ್ದು ನಾನೇ ಮೇಡಂ. ಗೊತ್ತು."

"ನಾನು ಸಹಿ ಮಾಡಿ ಕಳಿಸ್ಲಾ? ನೀನು ನೋಡದೇ ಇದ್ರೂ ಆಗುತ್ತೆ."

ಅವಳು ಕಿಟಕಿಯಾಚೆ ನೋಡಿದಳು. ಗೋದಾಮಿನ ಅಂಗಳದಲ್ಲಿ ಲಾರಿಗೆ ಚೀಲ ಏರಿಸುತ್ತಿದ್ದರು. ಒಬ್ಬನ ಮೂಗಿಗೂ ಬಟ್ಟೆಯಿರಲಿಲ್ಲ. ನಗುತ್ತ, ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿಕೊಂಡು ಕೆಲಸ ಮಾಡುತ್ತಿದ್ದರು. ಇದನ್ನು ನೋಡಬೇಕೆಂದೇ ಅವಳು ಇಷ್ಟು ವರ್ಷ ಓದಿದ್ದಳು.

"ನಾನೇ ಕಳಿಸ್ತೀನಿ," ಎಂದಳು.

ನಿಯಮ ಸರಳವಾಗಿತ್ತು. ತಂಗಿ ಬಿಡದ ಮನುಷ್ಯ ಹೆದ್ದಾರಿಯಾಚೆ ಕಟ್ಟಿದ್ದ ಪ್ರತ್ಯೇಕ ಮನೆಯಲ್ಲಿ, ಗಾಜಿನ ಹಿಂದೆ ಇರಬೇಕು. ಅವನಿಂದ ಬರುವ ಗಾಳಿ, ನೀರು ಊರಿಗೆ ಬರಬಾರದು. ಎಷ್ಟು ದಿನ? ತಂಗಿ ಬಿಡುವವರೆಗೆ. ಅದನ್ನು ಬರೆಯುವಾಗ ಅವಳು ಹೆಚ್ಚು ಯೋಚಿಸಿರಲಿಲ್ಲ. ಬಿಡದಿದ್ದರೆ ಎಂಬುದಕ್ಕೆ ಅಲ್ಲಿ ಒಂದು ಸಾಲೂ ಇರಲಿಲ್ಲ.

ಹೊರಡುವ ದಿನ ಪಂಚಾಕ್ಷರಿ ಹೆಂಡತಿಯನ್ನು ಕಿಟಕಿಯ ಹತ್ತಿರ ಕರೆದ. "ಮಗೂಗೆ ಹೇಳ್ಬೇಡ. ಕಿಡ್ನಿ ತೊಂದರೆ, ಆಸ್ಪತ್ರೆಲಿರ್ಬೇಕು ಅಂತ ಹೇಳು. ಅದು ಸುಳ್ಳೂ ಅಲ್ಲ."

"ದೊಡ್ಡೋಳಾದ ಮೇಲೆ?"

"ಆಗ ನೀನೇ ಏನಾದ್ರೂ ಹೊಂದಿಸ್ಕೊ. ನೀನೇ ಜಾಣೆ ಅಲ್ವಾ."

ಬಿಳಿಯ ವ್ಯಾನು ಬಂದು ನಿಂತಾಗ ಬೀದಿಯ ಬಾಗಿಲುಗಳು ಒಂದಾದ ಮೇಲೊಂದು ಮುಚ್ಚಿಕೊಂಡವು. ಸಿದ್ದಗಂಗಮ್ಮ ಬಾಗಿಲು ಹಾಕಲಿಲ್ಲ. ಮೂಗಿಗೆ ಸೆರಗು ಒತ್ತಿಕೊಂಡು ಕಂಬಕ್ಕೆ ಆತು ನಿಂತಿದ್ದರು. "ಮೇಷ್ಟ್ರೇ, ಉಸಾರು," ಎಂದರು. ಮೈತುಂಬ ಹೊದ್ದ ಪಂಚಾಕ್ಷರಿ ವ್ಯಾನು ಹತ್ತುವ ಮೊದಲು ಮಗಳತ್ತ ತಿರುಗಿ ಕೈಬೀಸಿದ. ಇಂಚರ ಕೈಬೀಸಲಿಲ್ಲ. ತಾಯಿಯ ಸೀರೆಯ ನೆರಿಗೆ ಹಿಡಿದುಕೊಂಡು ಮುಚ್ಚಿದ ಬಾಗಿಲುಗಳನ್ನು ಒಂದೊಂದಾಗಿ ನೋಡುತ್ತಿದ್ದಳು.

ಅವತ್ತಿನಿಂದ ಮಗು ಮಾತು ಕಡಿಮೆ ಮಾಡಿತು. ಕೆಲವೊಮ್ಮೆ ಅಡುಗೆಮನೆಯ ಹೊಸ್ತಿಲಿಗೆ ಬಂದು, "ಅಮ್ಮ," ಎನ್ನುತ್ತಿತ್ತು.

"ಏನು ಪುಟ್ಟಿ?"

"ಏನಿಲ್ಲ."

ಶಾಲೆಯಿಂದ ಬಂದು ಚೀಲ ಇಳಿಸುವಾಗ ಒಮ್ಮೆ, ಊಟದ ತಟ್ಟೆಯ ಮುಂದೆ ಒಮ್ಮೆ. ಪ್ರತಿ ಸಲವೂ ಬಾಯಿ ತೆರೆದು, ಅಮ್ಮನ ಮುಖ ನೋಡಿ, ಮುಚ್ಚಿಕೊಳ್ಳುತ್ತಿದ್ದಳು. ಸರ್ವಮಂಗಳಾಳಿಗೆ ಗೊತ್ತಾಗುತ್ತಿತ್ತು. ಗೊತ್ತಾದಾಗಲೆಲ್ಲ ಅವಳು ನಲ್ಲಿಯನ್ನು ಜೋರಾಗಿ ತಿರುಗಿಸುತ್ತಿದ್ದಳು, ಇಲ್ಲವೇ ಮಿಕ್ಸಿ ಹಾಕುತ್ತಿದ್ದಳು.

ಭಾನುವಾರಗಳಲ್ಲಿ ಇಬ್ಬರೂ ಹೆದ್ದಾರಿಯಾಚೆಗೆ ಹೋಗುತ್ತಿದ್ದರು. ಗಾಜಿನ ಒಳಗೆ ಪಂಚಾಕ್ಷರಿ, ಹೊರಗೆ ಇವರು, ಮಧ್ಯೆ ಒಂದು ಸ್ಪೀಕರು. ಅವನು ಗಾಜಿನ ಮೇಲೆ ಬಣ್ಣದ ಪೆನ್ನಿನಿಂದ ಜುಬೇದಾ ಮೇಡಂ ಎಮ್ಮೆ ಮೇಲೆ ಕೂತ ಹಾಗೆ, ಚೆಲುವರಾಜು ಉಪ್ಪಿಟ್ಟಿನಲ್ಲಿ ಮುಳುಗಿದ ಹಾಗೆ ಬರೆದು ತೋರಿಸುತ್ತಿದ್ದ. ದಿನದಿಂದ ದಿನಕ್ಕೆ ಸಣ್ಣಗಾಗುತ್ತಿದ್ದ. ಅವನ ಮೂಗಿನ ದ್ರವದ ವರದಿಯನ್ನು ಪ್ರತಿ ವಾರ ಓದುವವಳು ಸರ್ವಮಂಗಳಾಳೇ. ಬದಲಾದ ಅಕ್ಷರಗಳು ಹೆಚ್ಚುತ್ತಿದ್ದವು. ಓದಿದ ಮೇಲೆ ಮಾಡಲು ಏನೂ ಇರಲಿಲ್ಲ. ಆದರೂ ಓದುತ್ತಿದ್ದಳು.

ಒಂದು ಭಾನುವಾರ ಅಲ್ಲಿಂದ ಮರಳಿ ಬಸ್ಸಿಗೆ ಕಾಯುತ್ತ ಹೆದ್ದಾರಿಯ ಪಕ್ಕದ ಹೊಂಗೆ ಮರದ ಕೆಳಗೆ ನಿಂತಿದ್ದರು. ಬಿಸಿಲು ಏರಿತ್ತು. ಸರ್ವಮಂಗಳಾ ಕಿತ್ತಳೆ ಸುಲಿದು ಒಂದೊಂದೇ ತೊಳೆಯನ್ನು ಬೀಜ ತೆಗೆದು ಮಗಳ ಕೈಗೆ ಇಡುತ್ತಿದ್ದಳು. ಇಂಚರ ತಿನ್ನಲಿಲ್ಲ. ಅಂಗೈಯಲ್ಲಿ ತೊಳೆಗಳನ್ನು ಹಾಗೇ ಹಿಡಿದುಕೊಂಡಿದ್ದಳು. ಇಲ್ಲಿ ತಿರುಗಿಸಲು ನಲ್ಲಿ ಇರಲಿಲ್ಲ, ಹಾಕಲು ಮಿಕ್ಸಿ ಇರಲಿಲ್ಲ. ದೂರದಲ್ಲೆಲ್ಲೂ ಬಸ್ಸು ಕಾಣುತ್ತಿರಲಿಲ್ಲ.

"ಅಮ್ಮ."

"ಏನು ಪುಟ್ಟಿ?"

ಈ ಸಲ ಮ‍ಗು ಅಮ್ಮನ ಮುಖ ನೋಡಲಿಲ್ಲ. ರಸ್ತೆಯನ್ನು ನೋಡುತ್ತ ಕೇಳಿತು.

"ಅಪ್ಪಂಗೂ ನಾನು ಎಲ್ರಿಗೂ ಕೊಟ್ಟಿದ್ದನ್ನೇ ತಾನೆ ಕೊಟ್ಟಿದ್ದು?"